ಅಮ್ಮನ ಜತೆ ಕಾಶಿಗೆ: ಗಿಂಡಿಯ ಗಂಗೆಯನ್ನು ಎಲ್ಲಿಂದ ತರುವುದು?

ಪಳ್ಳತಡ್ಕದವ · ಸೆಪ್ಟೆಂಬರ್ 14

ಎಲ್ಲರಿಗೂ ನಮಸ್ಕಾರ. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಮ್ಮನಿಗೆ 74 ನಡೆಯುತ್ತಿದೆ. ಮೊನ್ನೆ ರಾತ್ರಿ ಮಜ್ಜಿಗೆ ಬಡಿಸುತ್ತಾ, "ಈ ಸಲ ಅಡಿಕೆ ಕೊಯ್ಲು ಮುಗಿದ ಕೂಡಲೇ ನನ್ನನ್ನು ಒಮ್ಮೆ ಕಾಶಿಗೆ ಕರೆದುಕೊಂಡು ಹೋಗು" ಎಂದರು. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ. ಹಾಗಾಗಿ ಹೋಗುವುದು ಖಂಡಿತ. ಹೇಗೆ ಎನ್ನುವುದೇ ಗೊತ್ತಾಗುತ್ತಿಲ್ಲ.

ಮಂಡಿ ನೋವು ಉಂಟು. ಸಕ್ಕರೆ ಕಾಯಿಲೆ ಉಂಟು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಬೀಳದಿದ್ದರೆ ಊಟ ಮಾಡಿದ ಹಾಗೆಯೇ ಅಲ್ಲ ಅವರಿಗೆ. ಶಿವರಾತ್ರಿಯ ರಶ್ ಮುಗಿದ ಮೇಲೆ ಹೋಗೋಣ ಅಂತ ಇದ್ದೇವೆ. ಪ್ಯಾಕೇಜ್ ಟೂರ್ ಒಳ್ಳೆಯದಾ, ನಾವೇ ಹೋಗುವುದಾ? ಕಾಸರಗೋಡಿನಿಂದ ಯಾವ ರೈಲು? ಎಲ್ಲಿ ಉಳಿಯುವುದು?

ಇನ್ನೊಂದು. ಗಯೆ, ಅಯೋಧ್ಯೆ ಎಲ್ಲ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ ಎನ್ನುತ್ತಾರೆ. ಆದರೆ ತಾಮ್ರದ ಗಿಂಡಿಯಲ್ಲಿ ಗಂಗೆ ತರಲೇಬೇಕಂತೆ. ಅದೊಂದರಲ್ಲಿ ಮಾತ್ರ ಹಠ.

ಮುಳ್ಳೇರಿಯ ಅಕ್ಕ · ಸೆಪ್ಟೆಂಬರ್ 14

ಪ್ಯಾಕೇಜ್ ಬೇಡ ತಮ್ಮಾ. ಮೂರು ವರ್ಷದ ಹಿಂದೆ ನಮ್ಮ ಅತ್ತೆಯನ್ನು ಹಾಗೆ ಕರೆದುಕೊಂಡು ಹೋಗಿ ಅನುಭವಿಸಿದವಳು ನಾನು. ಬಸ್ಸಿನಲ್ಲಿ ನಲವತ್ತು ಜನ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸುತ್ತಾರೆ, ಎಂಟಕ್ಕೆ "ಎಲ್ಲ ಬಂದ್ರಾ, ಹೊರಡೋಣ" ಅಂತ ಬೊಬ್ಬೆ. ಅತ್ತೆ ಮಂಡಿ ಹಿಡಿದುಕೊಂಡು ಕೊನೆಗೆ ಬರುವಾಗ ಉಳಿದವರೆಲ್ಲ ಕಿಟಕಿಯಿಂದ ನೋಡುತ್ತಿರುತ್ತಾರೆ. ಅವರಿಗೆ ನೋವಿಗಿಂತ ಆ ನಾಚಿಕೆಯೇ ಜಾಸ್ತಿಯಾಯಿತು. ಮೂರನೇ ದಿನ ರೂಮಿನಲ್ಲೇ ಕುಳಿತರು.

ಮಂಡಿ ನೋವಿನವರಿಗೆ ಕಾಶಿಯಲ್ಲಿ ಕಷ್ಟ ಕೊಡುವುದು ಮೆಟ್ಟಿಲು. 84 ಘಾಟ್ ಅನ್ನುತ್ತಾರಲ್ಲ, ಎಲ್ಲ ಪಶ್ಚಿಮದ ದಡದಲ್ಲೇ. ಮೇಲೆ ಊರು, ಕೆಳಗೆ ನೀರು, ನಡುವೆ ಬರೀ ಮೆಟ್ಟಿಲು. ಅಸ್ಸಿ ಘಾಟ್‌ನಲ್ಲಿ ಸ್ವಲ್ಪ ಸಲೀಸು. ಉತ್ತರದ ತುದಿಯ ನಮೋ ಘಾಟ್‌ನಲ್ಲಿ ಇಳಿಜಾರು ದಾರಿಯೇ ಉಂಟು. ಒಂದು ಕಡೆ ದೋಣಿ ಹತ್ತಿಸಿ, ಕುಳಿತಲ್ಲಿಂದಲೇ ಎಲ್ಲ ಘಾಟ್ ತೋರಿಸಿ. ದಶಾಶ್ವಮೇಧದ ಸಂಜೆ ಆರತಿಯನ್ನೂ ದೋಣಿಯಿಂದಲೇ ನೋಡಿ. ಮೆಟ್ಟಿಲಲ್ಲಿ ಎರಡು ಗಂಟೆ ಮೊದಲೇ ಹೋಗಿ ಜಾಗ ಹಿಡಿದು ಕೂರುವುದು ತಪ್ಪುತ್ತದೆ.

ವಿಶ್ವನಾಥನ ಗುಡಿಗೆ ಮೊಬೈಲ್, ಚೀಲ ಒಯ್ಯಲು ಬಿಡುವುದಿಲ್ಲ. ರೂಮಿನಲ್ಲೇ ಇಟ್ಟು ಹೋಗಿ. ಕುಚ್ಚಲಕ್ಕಿ ಎರಡು ಕಿಲೋ, ಸಣ್ಣ ಕುಕ್ಕರ್, ಮಿಡಿ ಉಪ್ಪಿನಕಾಯಿ ಹಿಡಿದುಕೊಳ್ಳಿ. ನಗಬೇಡಿ, ನಾನು ಹೇಳುವುದು ಸತ್ಯ.

ಉಪ್ಪಳ ರೈಲು · ಸೆಪ್ಟೆಂಬರ್ 15

ರೈಲಿನ ವಿಷಯ ನನಗೆ ಬಿಡಿ.

ಕಾಸರಗೋಡಿನಿಂದ ಕಾಶಿಗೆ ನೇರ ರೈಲಿಲ್ಲ. ಎರಡು ದಾರಿ ಹೇಳುತ್ತೇನೆ. ಒಂದು, ಮಂಗಳಾ ಎಕ್ಸ್‌ಪ್ರೆಸ್. ಕಾಸರಗೋಡಿನಲ್ಲಿ ಹತ್ತಿದರೆ ಕೊಂಕಣದ ಮೇಲಿಂದ ಹೋಗಿ ಇಟಾರ್ಸಿ ಮುಟ್ಟುತ್ತದೆ. ಅಲ್ಲಿ ಇಳಿದರೆ ಜಬಲ್ಪುರದ ದಾರಿಯಾಗಿ ಕಾಶಿ ಕಡೆಗೆ ಬೇಕಾದಷ್ಟು ರೈಲು. ಆದರೆ ವಯಸ್ಸಾದವರನ್ನು ಕರೆದುಕೊಂಡು ಅಪರಾತ್ರಿಯಲ್ಲಿ ಗುರುತಿಲ್ಲದ ಸ್ಟೇಷನ್ನಿನಲ್ಲಿ ಸಾಮಾನು ಇಳಿಸುವುದು ನನಗಾದರೆ ಬೇಡ.

ಇನ್ನೊಂದು, ನೇತ್ರಾವತಿಯಲ್ಲಿ ಮುಂಬಯಿಯ ಲೋಕಮಾನ್ಯ ತಿಲಕ್ ಟರ್ಮಿನಸ್. ಕಾಶಿಗೆ ಹೋಗುವ ಕಾಮಾಯನಿ ಎಕ್ಸ್‌ಪ್ರೆಸ್ ಹೊರಡುವುದೂ ಅದೇ ಸ್ಟೇಷನ್ನಿನಿಂದ. ನಡುವೆ ಒಂದು ರಾತ್ರಿ ಮುಂಬಯಿಯಲ್ಲಿ ಉಳಿಯಬೇಕು. ಮುಂಬಯಿಯಲ್ಲಿ ನೆಂಟರಿಲ್ಲದ ಕಾಸರಗೋಡಿನ ಮನೆ ಯಾವುದುಂಟು ಹೇಳಿ? ಕೆಳಗಿನ ಬರ್ತ್ ಸಿಗಬೇಕಾದರೆ ಬುಕಿಂಗ್ ತೆರೆದ ದಿನವೇ ಮಾಡಿ. ಕೊಂಕಣದಲ್ಲಿ ಮಳೆಗಾಲದ ವೇಳಾಪಟ್ಟಿ ಬೇರೆ, ಈಗ ನೋಡಿದ ಸಮಯವನ್ನು ಫೆಬ್ರವರಿಗೆ ಹಿಡಿಯಬೇಡಿ.

ಮಧ್ಯರಾತ್ರಿ 12 ದಾಟಿ ಹೊರಡುವ ರೈಲಿಗೆ ಟಿಕೆಟ್ ಮಾಡುವಾಗ ಕ್ಯಾಲೆಂಡರ್ ಎರಡು ಸಲ ನೋಡಿ. ನಾನೊಮ್ಮೆ 18ರ ಟಿಕೆಟ್ ಹಿಡಿದುಕೊಂಡು 18ರ ರಾತ್ರಿ ಊಟ ಮುಗಿಸಿ ಸ್ಟೇಷನ್ನಿಗೆ ಹೋದವ. ರೈಲು ಹೋಗಿ ಇಪ್ಪತ್ತಮೂರು ಗಂಟೆ ಆಗಿತ್ತು.

ಕಾಶಿಯಲ್ಲೂ ಸ್ಟೇಷನ್ ಒಂದಲ್ಲ. ವಾರಾಣಸಿ ಜಂಕ್ಷನ್ ಇದೆ, ಅದನ್ನು ಊರಿನವರು ಕ್ಯಾಂಟ್ ಎನ್ನುತ್ತಾರೆ. ಬನಾರಸ್ ಅಂತ ಬೇರೆಯೇ ಸ್ಟೇಷನ್ ಇದೆ, ಅದು ಹಿಂದಿನ ಮಂಡುವಾಡೀಹ್. ಕೆಲವು ರೈಲು ಊರಿನೊಳಗೆ ಬರದೆ ಗಂಗೆಯ ಆಚೆಗಿನ ಮುಘಲ್‌ಸರಾಯ್ ಮೇಲೇ ಹೋಗಿಬಿಡುತ್ತವೆ. ಅದಕ್ಕೆ 2018ರಿಂದ ದೀನದಯಾಳ್ ಉಪಾಧ್ಯಾಯ ಜಂಕ್ಷನ್ ಅಂತ ಹೆಸರು. ಆಟೋದವನಿಗೆ ಹಳೆಯ ಹೆಸರು ಹೇಳಿದರೇ ಬೇಗ ಅರ್ಥವಾಗುತ್ತದೆ.

ಸೊಲ್ಲಾಪುರದ ಸೊಸೆ · ಸೆಪ್ಟೆಂಬರ್ 15

ನಮ್ಮ ಅತ್ತೆ-ಮಾವನಿಗೆ ಪಂಢರಪುರದ ಚಂದ್ರಭಾಗೆಯೇ ಗಂಗೆ. ಆಷಾಢಿಗೆ ಒಮ್ಮೆ ಮುಳುಗಿ ಬಂದರೆ ಮುಗಿಯಿತು. ಕಾಶಿ ಅಂದರೆ, "ಅಷ್ಟು ದೂರ ಯಾಕೆ, ವಿಠೋಬ ಇಲ್ಲೇ ಇಟ್ಟಿಗೆ ಮೇಲೆ ನಿಂತಾನಲ್ಲ" ಎನ್ನುತ್ತಾರೆ. ಆದರೂ ನಮ್ಮ ದೇವರ ಜಗಲಿಯ ಮೂಲೆಯಲ್ಲಿ ಬಾಯಿ ಮುಚ್ಚಿದ ಒಂದು ಗಿಂಡಿ ಉಂಟು. ಅದನ್ನು ತಂದವರು ಯಾರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ!

ಹೊಸೂರು ಹೈದ · ಸೆಪ್ಟೆಂಬರ್ 16

ಕರ್ನಾಟಕ ಸರಕಾರ ಕಾಶಿಗೆ ಹೋಗುವವರಿಗೆ ಸಹಾಯಧನ ಕೊಡುತ್ತದಲ್ಲ? ಬೆಂಗಳೂರಿನಿಂದ 2022ರ ನವೆಂಬರ್ 11ರಂದು ಹೊರಟ ಕಾಶಿ ದರ್ಶನ ರೈಲಿನಲ್ಲಿ ನಮ್ಮ ಚಿಕ್ಕಪ್ಪ ಹೋಗಿದ್ದರು. ಆಗ ತಲೆಗೆ 5,000 ರೂಪಾಯಿ ಕಡಿಮೆಯಾಗಿತ್ತು.

ಪಳ್ಳತಡ್ಕದವ · ಸೆಪ್ಟೆಂಬರ್ 16

ಅದು ಕರ್ನಾಟಕದ ಖಾಯಂ ನಿವಾಸಿಗಳಿಗೆ ಅಲ್ವಾ. ನಮ್ಮ ಆಧಾರ್ ಕಾರ್ಡಿನಲ್ಲಿ ಮಲಯಾಳ ಅಕ್ಷರ. ನಿಮ್ಮ ಚಿಕ್ಕಪ್ಪನ ವಿಳಾಸ ತಮಿಳುನಾಡಿನ ಹೊಸೂರಿನದ್ದಾಗಿರಲಿಕ್ಕಿಲ್ಲ.

ಹೊಸೂರು ಹೈದ · ಸೆಪ್ಟೆಂಬರ್ 16

ಹೌದು, ಅವರು ಆನೇಕಲ್ಲಿನವರು. ಹದಿನೈದು ಕಿಲೋಮೀಟರಿಗೆ ಐದು ಸಾವಿರ!

ತಾಳವಾಡಿ ತಮ್ಮ · ಸೆಪ್ಟೆಂಬರ್ 16

ಸುಮ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗಂಗೆಯ ನೀರೊಂದೇ ಬೇಕಾದರೆ ಪೋಸ್ಟಾಫೀಸಿನಲ್ಲಿ ಸಿಗುತ್ತದಲ್ಲ? 2016ರಿಂದ ಗಂಗೋತ್ರಿಯ ನೀರನ್ನು ಬಾಟಲಿಯಲ್ಲಿ ಮಾರುತ್ತಿದ್ದಾರೆ. ಕಾಶಿ ನೀರಿಗಿಂತ ಶುದ್ಧ. ಮಂಡಿನೋವಿನ ಅಮ್ಮನನ್ನು ಅಷ್ಟು ದೂರ ಎಳೆದುಕೊಂಡು ಹೋಗುವುದು ಯಾಕೆ?

ಜತ್ತ ತಾಲೂಕು · ಸೆಪ್ಟೆಂಬರ್ 17

ತಾಳವಾಡಿಯವರೇ, ಬಾಟಲಿ ಬೇರೆ ಗಿಂಡಿ ಬೇರೆ, ಅದು ನಿಮಗೂ ಗೊತ್ತು.

ಉಳಿಯುವ ವಿಷಯ ಹೇಳುತ್ತೇನೆ. ನಮ್ಮ ಕಡೆಯವರು ಕಾಶಿಗೆ ಹೋದರೆ ಮೊದಲು ಹುಡುಕುವುದು ಜಂಗಮವಾಡಿ ಮಠ. ಗೊದೌಲಿಯಾದ ಹತ್ತಿರ. ವೀರಶೈವರ ಪಂಚಪೀಠಗಳಲ್ಲಿ ಕಾಶಿಯ ಜ್ಞಾನಪೀಠ ಅದೇ. ಬಾಗಿಲು ದಾಟಿ ಒಳಗೆ ಹೋದರೆ ಹಿಂದಿಯ ಗದ್ದಲದ ನಡುವೆ "ಎಲ್ಲಿಂದ ಬಂದ್ರಿ?" ಅಂತ ಕನ್ನಡ ಕೇಳಿಸುತ್ತದೆ. ಮೂರು ದಿನ ರೈಲಿನಲ್ಲಿ ಕೂತು ಬಂದವನಿಗೆ ಅದು ಎಂಥ ಸಮಾಧಾನ ಅಂತ ಹೋದವರಿಗೇ ಗೊತ್ತು. ಅಲ್ಲಿ ಎಲ್ಲಿ ನೋಡಿದರೂ ಲಿಂಗ. ಗೋಡೆ ಪಕ್ಕ, ಗೂಡಿನಲ್ಲಿ, ಸಾಲು ಸಾಲು, ಸಣ್ಣವು ದೊಡ್ಡವು. ಸತ್ತವರ ಹೆಸರಿನಲ್ಲಿ ಮನೆಯವರು ಲಿಂಗ ಇಟ್ಟು ಬರುತ್ತಾರೆ. ನಾವು ಅಪ್ಪನ ಹೆಸರಿನಲ್ಲಿ ಇಟ್ಟೆವು. ಎರಡು ವರ್ಷ ಬಿಟ್ಟು ತಮ್ಮ ಹೋದಾಗ ಹುಡುಕಿದ, ಸಿಗಲಿಲ್ಲ. ಫೋನ್ ಮಾಡಿ ಕೇಳಿದ. ನಾನೂ ಗುರುತು ಇಟ್ಟುಕೊಂಡಿರಲಿಲ್ಲ. ಕೊನೆಗೆ ಯಾವುದೋ ಒಂದಕ್ಕೆ ಪತ್ರಿ ಏರಿಸಿ ಬಂದ.

ನಿಮ್ಮ ಕಡೆಯವರು ಹನುಮಾನ್ ಘಾಟ್ ಹತ್ತಿರ ನೋಡಿ. ಆ ಬೀದಿಗಳೆಲ್ಲ ದಕ್ಷಿಣದವರದ್ದೇ. ಇಡ್ಲಿ, ಫಿಲ್ಟರ್ ಕಾಫಿ ಸಿಗುತ್ತದೆ. ಪಕ್ಕದಲ್ಲೇ ಕರ್ನಾಟಕ ಘಾಟ್ ಅಂತಲೂ ಉಂಟು. ಆಚೆ ಬದಿಗೆ ಹರಿಶ್ಚಂದ್ರ ಘಾಟ್. ಅಲ್ಲಿ ಹೆಣ ಸುಡುತ್ತಾರೆ, ಅಮ್ಮನಿಗೆ ಮೊದಲೇ ಹೇಳಿಡಿ.

ಪಳ್ಳತಡ್ಕದವ · ಸೆಪ್ಟೆಂಬರ್ 19

ತಾಳವಾಡಿಯವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾನೂ ಅಮ್ಮನನ್ನು ಅದನ್ನೇ ಕೇಳಿದೆ. ಎರಡು ದಿನ ಏನೂ ಹೇಳಲಿಲ್ಲ. ನಿನ್ನೆ ಹಪ್ಪಳ ಹುರಿಯುವಾಗ ತಾವಾಗಿಯೇ ಹೇಳಿದರು. ಬರೆಯಲೋ ಬೇಡವೋ ಅಂತ ಯೋಚಿಸಿದೆ. ಇಲ್ಲಿ ನಮ್ಮ ಮನೆ ಯಾರಿಗೂ ಗೊತ್ತಿಲ್ಲವಲ್ಲ, ಬರೆಯುತ್ತೇನೆ.

ನನ್ನ ಅಜ್ಜ 1962ರಲ್ಲಿ ಕಾಶಿಗೆ ಹೋಗಿದ್ದರು. ಆಗ ಹೋದವರು ತಿರುಗಿ ಬಂದರೆ ಬಂದರು ಎನ್ನುವ ಕಾಲ. ಹೊರಡುವ ಮೊದಲು ಊರಿಗೆಲ್ಲ ಹೇಳಿ, ಸಾಲ ತೀರಿಸಿ ಹೋಗಿದ್ದರಂತೆ. ಬರುವಾಗ ಅಂಗೈಯಷ್ಟು ದೊಡ್ಡ ಒಂದು ತಾಮ್ರದ ಗಿಂಡಿ ತಂದರು, ಬಾಯಿಗೆ ಬೆಸುಗೆ ಹಾಕಿದ್ದು. ಗಂಗಾಪೂಜೆ ಮಾಡಿ ಊರಿಗೆ ಊಟ ಹಾಕಿದರು. ಆ ಗಿಂಡಿ ದೇವರ ಕೋಣೆಯ ಮಾಡಿನಲ್ಲಿ, ಅಂದರೆ ಗೋಡೆಯ ಗೂಡಿನಲ್ಲಿ, ಕೂತಿತ್ತು. ಜೀವ ಹೋಗುವವರ ಬಾಯಿಗೆ ಎರಡು ಹನಿ ಹಾಕುವುದಕ್ಕೆ. ನಮಗೆ ಮಾತ್ರ ಅಲ್ಲ, ಸುತ್ತಿನ ಹತ್ತು ಮನೆಗೂ ಇದ್ದದ್ದು ಅದೊಂದೇ ಗಿಂಡಿ.

ನಮ್ಮ ತೋಟದಲ್ಲಿ ಮೂವತ್ತು ವರ್ಷ ದುಡಿದ ಒಬ್ಬ ಅಜ್ಜ ಇದ್ದರು. 1994ರ ಮಳೆಗಾಲದಲ್ಲಿ ಒಂದು ರಾತ್ರಿ ಅವರ ಮಗ ಮಳೆಗೆ ಹೊದೆಯುವ ಗೊರಬು ಹಾಕಿಕೊಂಡು ಓಡಿ ಬಂದ. ಅಪ್ಪನಿಗೆ ಉಬ್ಬಸ, ನೀರು ಇಳಿಯುತ್ತಿಲ್ಲ, ಗಂಗೆ ಕೊಡಿ ಅಂದ. ನನ್ನ ಅಪ್ಪ ಗಿಂಡಿ ತೆಗೆದು ಪಿಸ್ಕತ್ತಿಯ ಮೊನೆಯಿಂದ ಬೆಸುಗೆ ಎಬ್ಬಿಸಿದರು. ಬಗ್ಗಿಸಿದರೆ ಏನೂ ಬೀಳಲಿಲ್ಲ. ಅಲ್ಲಾಡಿಸಿದರು. ಅಂಗೈಗೆ ಬಿದ್ದದ್ದು ಒಂದು ಚಿಟಿಕೆ ಹಸುರು ಕಿಲುಬು.

ಹುಡುಗ ಜಗಲಿಯಲ್ಲಿ ನಿಂತಿದ್ದಾನೆ. ಅಪ್ಪ ಏನೂ ಮಾತಾಡದೆ ಒಳಗೆ ಹೋಗಿ ಕೊಡಪಾನದಿಂದ ಬಾವಿ ನೀರು ಮೊಗೆದು ಗಿಂಡಿಗೆ ಹಾಕಿ ತಂದು ಕೊಟ್ಟರು. "ಗಂಗೆ, ಜಾಗ್ರತೆ ಹಿಡಿದುಕೋ" ಎಂದರು. ಅಡುಗೆ ಮನೆಯ ಬಾಗಿಲಿನಲ್ಲಿ ನಿಂತು ನೋಡಿದ್ದು ಅಮ್ಮ ಒಬ್ಬರೇ. ಅಪ್ಪ ಹೋಗಿ ಎಂಟು ವರ್ಷವಾಯಿತು. ಇಬ್ಬರೂ ಆ ವಿಷಯ ಒಮ್ಮೆಯೂ ಎತ್ತಿಲ್ಲವಂತೆ.

"ನನಗೆ ಪುಣ್ಯ ಬೇಡ. ಮಾಡಿನಲ್ಲಿ ಸುಳ್ಳು ಗಿಂಡಿ ಇಟ್ಟುಕೊಂಡು ಸಾಯಲು ಮನಸ್ಸಿಲ್ಲ" ಎಂದರು ಅಮ್ಮ.

ತಾಳವಾಡಿ ತಮ್ಮ · ಸೆಪ್ಟೆಂಬರ್ 19

ನನ್ನ ಪೋಸ್ಟಾಫೀಸಿನ ಮಾತು ವಾಪಸ್.

ಕುಂಬಳೆ ಮೇಷ್ಟ್ರು · ಸೆಪ್ಟೆಂಬರ್ 20

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮೂರು ವಿಷಯ ಹೇಳುತ್ತೇನೆ. ಮೇಷ್ಟ್ರ ಚಾಳಿ, ಸಹಿಸಿಕೊಳ್ಳಿ.

ನಿಮ್ಮ ಅಪ್ಪ ಸುಳ್ಳು ಹೇಳಲಿಲ್ಲ. ಪೂಜೆಗೆ ಕೂರುವಾಗ ಕಲಶದ ಮೇಲೆ ಕೈಯಿಟ್ಟು ನಾವು ಏನು ಹೇಳುತ್ತೇವೆ? "ಗಂಗೇ ಚ ಯಮುನೇ ಚೈವ ಗೋದಾವರಿ ಸರಸ್ವತಿ, ನರ್ಮದೇ ಸಿಂಧು ಕಾವೇರಿ ಜಲೇಸ್ಮಿನ್ ಸನ್ನಿಧಿಂ ಕುರು." ಈ ನೀರಿಗೆ ಬನ್ನಿ ಅಂತ ಏಳು ನದಿಗಳನ್ನು ಕರೆಯುತ್ತೇವೆ. ಕಲಶದಲ್ಲಿರುವುದು ನಮ್ಮ ಬಾವಿಯ ನೀರೇ. ಅಮ್ಮನಿಗೆ ಇದನ್ನು ಹೇಳಿ.

ಎರಡನೆಯದು, ನೀರು ಯಾಕೆ ಆರಿತು? ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಇದ್ದಿರಬೇಕು. ಮೂವತ್ತೆರಡು ವರ್ಷಕ್ಕೆ ಅಷ್ಟು ಸಾಕು. ಗಂಗೆ ಕೆಡುವುದಿಲ್ಲ ಎನ್ನುತ್ತಾರಲ್ಲ, ಅದಕ್ಕೆ ಸ್ವಲ್ಪ ಆಧಾರ ಉಂಟು. ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ಬ್ರಿಟಿಷ್ ವಿಜ್ಞಾನಿ 1896ರಲ್ಲಿ ಗಂಗೆ, ಯಮುನೆಯ ನೀರಿನಲ್ಲಿ ಕಾಲರಾ ರೋಗಾಣು ಬೇಗ ಸಾಯುತ್ತದೆ ಅಂತ ಬರೆದ. ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್, ಫೇಜ್ ಎನ್ನುತ್ತಾರಲ್ಲ, ಅದರ ಕೆಲಸ ಇರಬೇಕು ಎನ್ನುವುದು ಆಮೇಲಿನವರ ವಿವರಣೆ. ತಾಮ್ರಕ್ಕೂ ರೋಗಾಣು ಕೊಲ್ಲುವ ಗುಣ ಉಂಟು. ಹಾಗೆಂದು ಈಗಿನ ಕಾಶಿಯಲ್ಲಿ ಬೊಗಸೆ ತುಂಬ ಕುಡಿಯಬೇಡಿ. ಊರಿನ ಕೊಳಕೂ ಅದೇ ನೀರಿಗೆ ಸೇರುತ್ತದೆ. ಫೇಜ್ ಎಷ್ಟು ಅಂತ ತಿನ್ನಲಿಕ್ಕಾಗುತ್ತದೆ?

ಮೂರನೆಯದು ಮುಖ್ಯ. ಕಾಶಿಯಿಂದ ಗಂಗೆ ತರಬಾರದು ಅಂತ ಹಿರಿಯರು ಹೇಳುತ್ತಾರೆ. ಕಾಶಿಯಲ್ಲಿ ಸತ್ತರೆ ಹುಳಕ್ಕೂ ಮೋಕ್ಷ. ಆ ನೀರಿನ ಜತೆ ಕಣ್ಣಿಗೆ ಕಾಣದ ಜೀವಗಳನ್ನು ಹೊರಗೆ ತಂದರೆ ಅವುಗಳ ಮೋಕ್ಷ ತಪ್ಪಿಸಿದ ಹಾಗೆ. ಅದಕ್ಕೇ ಹಳೆಯ ಕ್ರಮದಲ್ಲಿ ರಾಮೇಶ್ವರದ ಮರಳನ್ನು ಪ್ರಯಾಗದಲ್ಲಿ ಬಿಟ್ಟು, ಪ್ರಯಾಗದ ನೀರನ್ನು ರಾಮೇಶ್ವರಕ್ಕೆ ಒಯ್ಯುತ್ತಿದ್ದದ್ದು. ಕಾಶಿಯಿಂದ ಪ್ರಯಾಗಕ್ಕೆ ಸುಮಾರು 120 ಕಿ.ಮೀ. ಗಿಂಡಿಯನ್ನು ಅಲ್ಲಿ ತುಂಬಿಸಿ.

ಅಡಿಕೆ ಸುಲಿಯುವವ · ಸೆಪ್ಟೆಂಬರ್ 20

ಮೇಷ್ಟ್ರೇ, ಕ್ಷಮಿಸಿ. ಕಾಶಿಯಿಂದ ಗಿಂಡಿ ತಂದವರು ಊರು ತುಂಬ ಇದ್ದಾರೆ. ನಮ್ಮ ಮನೆಯದ್ದರಲ್ಲಿ "ಕಾಶಿ" ಅಂತಲೇ ಕೆತ್ತಿದ್ದಾರೆ. ಅವರೆಲ್ಲ ಹುಳಗಳ ಮೋಕ್ಷ ತಪ್ಪಿಸಿದವರಾ? ಪ್ರಯಾಗದ ನೀರು ಕೆಲವು ದಿನ ಬಿಟ್ಟು ಕಾಶಿಗೇ ಹರಿದು ಬರುತ್ತದಲ್ಲ ಮಾರಾಯ್ರೆ.

ಕುಂಬಳೆ ಮೇಷ್ಟ್ರು · ಸೆಪ್ಟೆಂಬರ್ 20

ನಂಬಿಕೆ ಏನು ಅಂತ ಹೇಳಿದೆನೇ ಹೊರತು ತೀರ್ಪು ಕೊಡಲಿಲ್ಲ. ಆ ಅಮ್ಮನಿಗೆ ಈಗಾಗಲೇ ಒಂದು ಗಿಂಡಿಯ ಚಿಂತೆ ಉಂಟು. ಇನ್ನೊಂದು ಸಂಶಯದ ಗಿಂಡಿ ಯಾಕೆ ಅಂತ ನನ್ನ ಯೋಚನೆ.

ಪಳ್ಳತಡ್ಕದವ · ಸೆಪ್ಟೆಂಬರ್ 21

ಮೇಷ್ಟ್ರ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಏಳು ನದಿಯ ಮಂತ್ರದ ಬಗ್ಗೆ ಅಂದರು: "ಮೇಷ್ಟ್ರು ಹೇಳಿದ್ದು ಸರಿ. ಆದರೆ ನಿನ್ನ ಅಪ್ಪ ಅವತ್ತು ಗಾಬರಿಯಲ್ಲಿ ಮಂತ್ರ ಹೇಳಲಿಲ್ಲ. ನಾನು ನೋಡಿದ್ದೇನಲ್ಲ."

ಪ್ರಯಾಗಕ್ಕೂ ಹೋಗುವುದು ಅಂತ ತೀರ್ಮಾನವಾಯಿತು.

ಮುಳ್ಳೇರಿಯ ಅಕ್ಕ · ಸೆಪ್ಟೆಂಬರ್ 21

ಹಾಗಾದರೆ ತುಂಬಿಸಿಟ್ಟ ಗಿಂಡಿ ಕೊಳ್ಳಲೇಬೇಡಿ. ಗುಡಿಯ ಗಲ್ಲಿಯಲ್ಲಿ ಸಾಲಾಗಿ ಜೋಡಿಸಿಟ್ಟು ಮಾರುತ್ತಾರೆ. ಒಳಗೆ ಗಂಗೆಯೋ ನಲ್ಲಿ ನೀರೋ ದೇವರಿಗೇ ಗೊತ್ತು. ಠಠೇರಿ ಬಜಾರ್ ಅಂತ ತಾಮ್ರ-ಹಿತ್ತಾಳೆಯವರ ಗಲ್ಲಿಯೇ ಉಂಟು. ಅಲ್ಲಿ ಖಾಲಿ ಗಿಂಡಿ ತೆಗೆದುಕೊಂಡು, ನೀವೇ ತುಂಬಿಸಿ, ಕಣ್ಣೆದುರು ಬೆಸುಗೆ ಹಾಕಿಸಿ.

ಪಳ್ಳತಡ್ಕದವ · ಮಾರ್ಚ್ 15

ಹೋಗಿ ಬಂದೆವು. ಇಷ್ಟು ಜನ ದಾರಿ ಹೇಳಿದ ಮೇಲೆ ವರದಿ ಒಪ್ಪಿಸದಿದ್ದರೆ ತಪ್ಪಾಗುತ್ತದೆ.

ಹೋಗುವಾಗ ನೇತ್ರಾವತಿ, ಕಾಮಾಯನಿ. ಒಂದು ರಾತ್ರಿ ಡೊಂಬಿವಿಲಿಯಲ್ಲಿ ಚಿಕ್ಕಮ್ಮನ ಮಗಳ ಮನೆ. ಬರುವಾಗ ವಿಮಾನ, ಬೆಂಗಳೂರು ಮೇಲಿಂದ ಮಂಗಳೂರಿಗೆ.

ಮೊದಲು ಹೋದ ಒಂದು ಛತ್ರದಲ್ಲಿ ನಮ್ಮ ಕನ್ನಡ ಕೇಳಿ ಖುಷಿಯಾದ ಗುಮಾಸ್ತರು ಆಧಾರ್ ನೋಡಿ ಸುಮ್ಮನಾದರು. "ಕೇರಳದವರಾ? ಇದು ಕರ್ನಾಟಕದವರಿಗೆ" ಎಂದರು. ಅಮ್ಮ ಚೀಲ ಕೆಳಗಿಟ್ಟು ಹೇಳಿದರು: "ನಾನು ಹುಟ್ಟಿದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರಲ್ಲಿ ರಾಜ್ಯ ಬದಲಾಯಿತು. ನಮ್ಮ ಮನೆ ಅಲ್ಲೇ ಉಂಟು." ಅವರು ಸ್ವಲ್ಪ ಹೊತ್ತು ಅಮ್ಮನ ಮುಖ ನೋಡಿ ಬೀಗದ ಕೈ ಕೊಟ್ಟರು. ಕೆಳಗಿನ ಮಹಡಿಯದ್ದೇ ಕೋಣೆ.

ವಿಶ್ವನಾಥನ ದರ್ಶನ ಎರಡು ನಿಮಿಷ. ಈಗಿನ ಗುಡಿ ಅಹಲ್ಯಾಬಾಯಿ ಹೋಳ್ಕರ್ 1780ರಲ್ಲಿ ಕಟ್ಟಿಸಿದ್ದು, ಗುಡಿ ಸಣ್ಣದೇ. 2021ರ ಡಿಸೆಂಬರಿನಲ್ಲಿ ತೆರೆದ ಕಾರಿಡಾರಿನ ಅಂಗಳ ಮಾತ್ರ ಬಹಳ ದೊಡ್ಡದು. ಗಲ್ಲಿಯ ಇಕ್ಕಟ್ಟಿಲ್ಲದೆ ಅಮ್ಮ ಆರಾಮಾಗಿ ನಡೆದರು, ನೆರಳಿಲ್ಲದೆ ಬೆವರಿದರು. ಅವರಿಗೆ ಜಾಸ್ತಿ ಇಷ್ಟವಾದದ್ದು ಕೇದಾರ ಘಾಟ್‌ನ ಗುಡಿ. ಕೆಂಪು ಬಿಳಿ ಪಟ್ಟೆ ಬಳಿದ ಗೋಡೆ ನೋಡಿ "ಇದು ನಮ್ಮ ಕಡೆಯದ್ದೇ" ಎಂದರು.

ಹರಿಶ್ಚಂದ್ರ ಘಾಟ್ ಬಗ್ಗೆ ಮೊದಲೇ ಹೇಳಿಟ್ಟಿದ್ದೆ. ನಾನೇ ಮುಖ ತಿರುಗಿಸಿದೆ, ಅವರು ತಿರುಗಿಸಲಿಲ್ಲ. ಮಣಿಕರ್ಣಿಕೆಯ ಎದುರು ದೋಣಿಯಲ್ಲಿದ್ದಾಗ ಮೇಲೆ ದೊಡ್ಡ ತಕ್ಕಡಿ ಕಂಡಿತು. ಅದೇನು ಅಂತ ಕೇಳಿದರು. ಕಟ್ಟಿಗೆ ತೂಗುವುದು ಎಂದ ದೋಣಿಯವ. "ನಮ್ಮಲ್ಲಿ ಹಿತ್ತಿಲ ಮಾವಿನ ಮರ ಕಡಿಯುತ್ತೇವೆ. ಇಲ್ಲಿ ಅದನ್ನೂ ತೂಗಿ ಕೊಡುತ್ತಾರಾ" ಎಂದು ಅದನ್ನೇ ನೋಡುತ್ತಾ ಕೂತರು. ಮರುದಿನವೂ ತಕ್ಕಡಿಯ ಮಾತೇ.

ನಾನು ಒಂದು ಪಾನ್ ತಿಂದೆ. ಅಂಗಡಿಯವ ನೀರಿನಲ್ಲಿ ನೆನೆಹಾಕಿದ ಅಡಿಕೆಯನ್ನು ಕತ್ತರಿಸುತ್ತಿದ್ದ. ಎಲೆ ಮಗಹಿ ಜಾತಿಯದ್ದು, ಬಾಯಲ್ಲಿ ಬೆಣ್ಣೆಯ ಹಾಗೆ ಕರಗಿತು. ಅಡಿಕೆ ಎಲ್ಲಿಯದ್ದು ಅಂತ ಕೇಳಿದರೆ "ಮಂಗಳೂರ್ ಕಾ" ಎಂದ. ಕಿಲೋಕ್ಕೆ ಅವನು ಹೇಳಿದ ರೇಟು ಇಲ್ಲಿ ಬರೆಯುವುದಿಲ್ಲ, ಬರೆದರೆ ಯಾರಿಗೂ ರಾತ್ರಿ ನಿದ್ದೆ ಬರಲಿಕ್ಕಿಲ್ಲ.

ಇನ್ನು ಗಿಂಡಿ. ಠಠೇರಿ ಬಜಾರಿನಲ್ಲಿ ಅಮ್ಮ ಒಂದು ಗಂಟೆ ಆರಿಸಿದರು. ಊದಿ ನೋಡಿದರು, ನೀರು ಹಾಕಿ ಬುಡ ಮುಟ್ಟಿ ನೋಡಿದರು. ಎರಡು ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಕಾರಿನಲ್ಲಿ ಪ್ರಯಾಗ. ಅಲ್ಲಿ ಒಬ್ಬ ದೋಣಿಯವ ಹೋಗುವಾಗ ಒಂದು ರೇಟು, ನಡು ನೀರಿನಲ್ಲಿ ಇನ್ನೊಂದು ರೇಟು ಹೇಳಿದ. ಬರೆದುಕೊಂಡೇ ದೋಣಿ ಹತ್ತಿ, ಇಷ್ಟೇ ನನ್ನ ಸಲಹೆ. ಸಂಗಮದಲ್ಲಿ ಎರಡು ಬಣ್ಣ ಸರಿಯಾಗಿ ಕಾಣುತ್ತದೆ. ಗಂಗೆ ಮಣ್ಣು ಬಣ್ಣ, ಯಮುನೆ ಹಸುರು. ಅಮ್ಮ ಸೊಂಟದ ಮಟ್ಟ ನೀರಿಗೆ ಇಳಿದು ಎರಡೂ ಗಿಂಡಿಯನ್ನು ತಾವೇ ಮುಳುಗಿಸಿ ತುಂಬಿಸಿದರು. ಈ ಸಲ ಮಂತ್ರ ಹೇಳಿದರು, ಜೋರಾಗಿಯೇ. ಬಟ್ಟೆಯಿಂದ ಬಾಯಿ ಕಟ್ಟಿ ಕಾರಿನಲ್ಲಿ ದಾರಿಯುದ್ದಕ್ಕೂ ಮಡಿಲಲ್ಲಿ ಹಿಡಿದುಕೊಂಡು ಬಂದರು.

ಬೆಸುಗೆಗೆ ಪುನಃ ಕಾಶಿಯ ಅದೇ ಅಂಗಡಿ. ಮುದುಕ ಬಟ್ಟೆ ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ. ಕುತ್ತಿಗೆಯವರೆಗೆ ತುಂಬಿಸಿದರೆ ಆಗುವುದಿಲ್ಲವಂತೆ. ಕಾದ ಕಬ್ಬಿಣ ತಾಗಿಸಿದ ಕೂಡಲೇ ನೀರು ಆವಿಯಾಗಿ ಬೆಸುಗೆಯನ್ನು ಒಳಗಿನಿಂದ ತಳ್ಳುತ್ತದೆ, ಕಣ್ಣಿಗೆ ಕಾಣದ ತೂತು ಉಳಿಯುತ್ತದೆ. ಕಾಲು ಭಾಗ ಖಾಲಿ ಬಿಡಬೇಕು. ಅಮ್ಮನಿಗೆ ಹಿಂದಿ ಬರುವುದಿಲ್ಲ. ಅವನು ಕೈಸನ್ನೆಯಲ್ಲಿ ಹೇಳಿದ್ದು ನನಗಿಂತ ಮೊದಲು ಅವರಿಗೇ ಅರ್ಥವಾಯಿತು. "ಅಜ್ಜ ತಂದದ್ದು ತುಂಬಿಸಿದ್ದು ಜಾಸ್ತಿಯಾಗಿತ್ತು, ನೋಡು" ಎಂದರು. ಹೆಚ್ಚಿನ ನೀರನ್ನು ಚೆಲ್ಲದೆ ಅಲ್ಲೇ ಕುಡಿದುಬಿಟ್ಟರು. ಮೇಷ್ಟ್ರೇ, ನಿಮ್ಮ ಎಚ್ಚರಿಕೆ ಹೇಳುವಷ್ಟರಲ್ಲಿ ಮುಗಿದಿತ್ತು. ಏನೂ ಆಗಲಿಲ್ಲ.

ಮುದುಕ ಮುಚ್ಚಳದ ಸುತ್ತ ತವರ ಹರಿಸಿ, ಒಂದು ಸಣ್ಣ ತೂತು ಉಳಿಸಿ, ಗಿಂಡಿಯನ್ನು ಒದ್ದೆ ಬಟ್ಟೆಯ ಮೇಲೆ ಆರಲು ಬಿಟ್ಟ. ಬೀಡಿ ಸೇದಿದ. ಆಮೇಲೆ ಆ ತೂತಿಗೆ ಒಂದು ಹನಿ. ತಲೆಕೆಳಗೆ ಮಾಡಿ ಅಮ್ಮನ ಅಂಗೈ ಮೇಲೆ ಇಟ್ಟ. ಅಂಗೈ ಒಣಗಿಯೇ ಇತ್ತು.

ವಿಮಾನಕ್ಕೆ ಚೆಕ್-ಇನ್ ಬ್ಯಾಗಿನಲ್ಲಿ ಬೈರಾಸು (ಟವೆಲ್) ಸುತ್ತಿ ಹಾಕಿದೆವು.

ಸೊಲ್ಲಾಪುರದ ಸೊಸೆ · ಮಾರ್ಚ್ 15

ಎರಡು ಗಿಂಡಿ ಯಾಕೆ? ಅಮ್ಮ ಕಾಶಿಯಲ್ಲಿ ಯಾವ ತಿನಿಸು ಬಿಟ್ಟು ಬಂದರು, ಅದನ್ನೂ ಹೇಳಿ. ನಮ್ಮ ಅತ್ತಿಗೆ ಹಾಗಲಕಾಯಿ ಬಿಟ್ಟು ಬಂದರು. ಅದು ಅವರಿಗೆ ಮೊದಲೇ ಸೇರುತ್ತಿರಲಿಲ್ಲ!

ಪಳ್ಳತಡ್ಕದವ · ಮಾರ್ಚ್ 16

ಹಣ್ಣು, ತರಕಾರಿ ಬಿಡುವುದು ನಿಜವಾಗಿ ಗಯೆಯ ಅಕ್ಷಯವಟದ ಹತ್ತಿರ ಅಂತ ಭಟ್ಟರು ಹೇಳಿದರು. ನಾವು ಗಯೆಗೆ ಹೋಗಲಿಲ್ಲ, 250 ಕಿ.ಮೀ., ಮಂಡಿ ಒಪ್ಪಲಿಲ್ಲ. ಆದರೂ ಅಮ್ಮ ಕಾಶಿಯಲ್ಲೇ ಜೀಗುಜ್ಜೆ (ದೀವಿ ಹಲಸು) ಬಿಟ್ಟರು. ಅವರಿಗೆ ಪ್ರಾಣ ಅದು. ಈಗ ಅಂಗಳದ ಮರದ ತುಂಬ ಕಾಯಿ. ನಾವು ಅದರ ಪೋಡಿ (ಬಜ್ಜಿ) ಕಾಯಿಸುವಾಗ ಎದ್ದು ತೋಟಕ್ಕೆ ಹೋಗುತ್ತಾರೆ.

ಎರಡನೆಯ ಗಿಂಡಿ ತೋಟದಲ್ಲಿ ದುಡಿದ ಆ ಅಜ್ಜನ ಮನೆಗೆ. ಗಂಗಾಪೂಜೆಯ ಮರುದಿನ ಅಮ್ಮ ತಾವೇ ಹೋಗಿ ಕೊಟ್ಟರು. ಅವತ್ತು ಗೊರಬಿನಲ್ಲಿ ಬಂದ ಹುಡುಗನಿಗೆ ಈಗ ಐವತ್ತರ ಮೇಲಾಯಿತು. ಅವನ ಹತ್ತಿರ ಹೇಳಿಯೇಬಿಟ್ಟರು, ಅಂದು ಕೊಟ್ಟದ್ದು ನಮ್ಮ ಬಾವಿಯ ನೀರು ಅಂತ. ನನಗೆ ಕೈಕಾಲು ತಣ್ಣಗಾಯಿತು. ಅವನು ಸ್ವಲ್ಪ ಹೊತ್ತು ಗಿಂಡಿ ತಿರುಗಿಸುತ್ತಾ ಇದ್ದ. "ಆ ಬಾವಿ ತೋಡಿದ್ದು ಅಪ್ಪನೇ ಅಲ್ವಾ ಅಕ್ಕ" ಎಂದ. ಆಮೇಲೆ ಕಾಫಿ ಕುಡಿಯದೆ ಹೋಗಲು ಬಿಡಲಿಲ್ಲ.

ಉಪ್ಪಳ ರೈಲು · ಮಾರ್ಚ್ 16

ಬೆಸುಗೆ ಸರಿಯಾಗಿ ನಿಂತಿದೆ ಅಂತ ಹೇಗೆ ಗೊತ್ತಾಗುವುದು? ಮೂವತ್ತು ವರ್ಷ ಕಾಯಬೇಕಾ?

ಪಳ್ಳತಡ್ಕದವ · ಮಾರ್ಚ್ 16

ಅಮ್ಮ ಅದಕ್ಕೂ ದಾರಿ ಕಂಡುಕೊಂಡಿದ್ದಾರೆ. ಮಣಿಕರ್ಣಿಕೆಯ ತಕ್ಕಡಿ ಅವರ ತಲೆಯಿಂದ ಹೋಗಲೇ ಇಲ್ಲ. ಅಡುಗೆ ಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಗಿಂಡಿ ಇಟ್ಟು ತೂಗಿಸಿದರು. 412 ಗ್ರಾಂ. ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಕು ಹಾಕಿ ಬರೆಸಿದ್ದಾರೆ. ಪ್ರತಿ ಸಂಕ್ರಮಣಕ್ಕೆ ತೂಗಬೇಕಂತೆ.

ಕುಂಬಳೆ ಮೇಷ್ಟ್ರು · ಏಪ್ರಿಲ್ 15

ವಿಷು ಕಳೆಯಿತು. ತೂಕ ಎಷ್ಟು?

ಪಳ್ಳತಡ್ಕದವ · ಏಪ್ರಿಲ್ 15

412. ಎರಡು ಸಲ ತೂಗಿಸಿದರು.